ಪರದೇಶದ ವಿಮಾನ ನಿಲ್ದಾಣದಿಂದ ಮಗಳ ಮನೆಯ ಬಾಗಿಲಿಗೆ

ತಂದೆ ತೆಂಗು–ಅಡಕೆಯ ತೋಟವನ್ನು ನೋಡಿಕೊಂಡು ಊರಿನಲ್ಲೇ ಉಳಿಯುವುದು, ತಾಯಿ ಒಬ್ಬರೇ ಮಗಳ ಬಾಣಂತನಕ್ಕೆಂದು ಸಮುದ್ರ ದಾಟಿ ಹೋಗುವುದು ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ನಮ್ಮ ಸಮಾಜದ ಕುಟುಂಬಗಳಲ್ಲಿ ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ತುಮಕೂರಿನಿಂದ ಬೆಂಗಳೂರಿಗೂ ಜೊತೆಯಿಲ್ಲದೆ ಹೋಗಿ ಅಭ್ಯಾಸವಿಲ್ಲದ ಮಾತೆಯರು ಲಂಡನ್ನಿಗೆ, ನ್ಯೂಜೆರ್ಸಿಗೆ, ಸಿಂಗಪುರಕ್ಕೆ ಹೋಗಿಬರುತ್ತಿದ್ದಾರೆ. ವೀಸಾ, ವಿಮೆ, ಟಿಕೆಟ್ಟು, ಉಣ್ಣೆಯ ಉಡುಪು, ಬಾಣಂತಿಗೆ ಬೇಕಾದ ಪುಡಿ–ಲೇಹ್ಯಗಳು, ಇವುಗಳಿಗೆಲ್ಲ ಮನೆಯಲ್ಲಿ ತಿಂಗಳುಗಟ್ಟಲೆ ಸಿದ್ಧತೆ ನಡೆಯುತ್ತದೆ. ಆದರೆ ವಿಮಾನವಿಳಿದ ಮೇಲೆ ಮಗಳ ಮನೆಯ ಬಾಗಿಲಿನವರೆಗಿನ ಕಡೆಯ ಮೂವತ್ತು–ನಲವತ್ತು ಮೈಲಿಗಳ ವಿಚಾರ ಬಂದಾಗ ಮಾತ್ರ, 'ಅಳಿಯಂದಿರು ಬಂದು ಕರೆದುಕೊಂಡು ಹೋಗುತ್ತಾರೆ' ಎಂಬ ಒಂದೇ ಮಾತಿನಲ್ಲಿ ಚರ್ಚೆ ಮುಗಿದುಹೋಗುತ್ತದೆ.

ಬಹುಪಾಲು ಸಲ ಅಳಿಯಂದಿರು ಬಂದೇ ಬರುತ್ತಾರೆ. ಬಾರದ ದಿನವೂ ಉಂಟು. ಬಸುರಿಯಾದ ಮಗಳನ್ನು ಅದೇ ರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಿರಬಹುದು. ಹಿಮ ಬಿದ್ದು ಹೆದ್ದಾರಿ ಮುಚ್ಚಿರಬಹುದು. ನಡುವಿನ ಊರಿನಲ್ಲಿ ವಿಮಾನ ತಪ್ಪಿ, ನಾಲ್ಕಾರು ಗಂಟೆ ತಡವಾಗಿ ಬೇರೆ ವಿಮಾನದಲ್ಲಿ ಬಂದಿಳಿದಿರಬಹುದು. ಅಂತಹ ಹೊತ್ತಿನಲ್ಲಿ ಇಂಗ್ಲಿಷು ಬಾರದ, ಅರವತ್ತು ದಾಟಿದ ತಾಯಿಯೊಬ್ಬರು ಏನು ಮಾಡಬೇಕು, ಯಾರ ಗಾಡಿಯನ್ನು ಹತ್ತಬೇಕು, ಯಾರದನ್ನು ಹತ್ತಬಾರದು ಎಂಬ ವಿಚಾರವನ್ನು ಕುಟುಂಬದವರೆಲ್ಲ ಕುಳಿತು ಮೊದಲೇ ಮಾತನಾಡಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ನೆರವಾಗುವ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮನೆಯಿಂದ ದೇವನಹಳ್ಳಿಗೆ

ಪರದೇಶದ ಟ್ಯಾಕ್ಸಿಗಿಂತ ಮೊದಲು ನಮ್ಮೂರಿನ ಬಾಡಿಗೆ ಕಾರಿನ ಮಾತು. ಬೆಂಗಳೂರಿನ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿಗೆ ಹೋದ ಮೇಲೆ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲವಾಯಿತು. ತುಮಕೂರು, ಗುಬ್ಬಿಯ ಕಡೆಯವರು ಬೆಂಗಳೂರು ನಗರವನ್ನು ಹೊಗದೆ, ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ನೇರವಾಗಿ ದೇವನಹಳ್ಳಿಯನ್ನು ಸೇರಬಹುದು. ಕುಣಿಗಲ್‌ನವರು ನೆಲಮಂಗಲಕ್ಕೆ ಬಂದು ಅಲ್ಲಿಂದ ದೊಡ್ಡಬಳ್ಳಾಪುರದ ದಾರಿಯನ್ನು ಹಿಡಿಯಬಹುದು. ಚಾಲಕರಿಗೆ ಇದನ್ನು ಮುಂಚಿತವಾಗಿಯೇ ಹೇಳಿಡುವುದು ಲೇಸು. ಇಲ್ಲವಾದರೆ ರೂಢಿಯಂತೆ ಗೊರಗುಂಟೆಪಾಳ್ಯ, ಹೆಬ್ಬಾಳಗಳ ದಟ್ಟಣೆಯೊಳಗೆ ಗಾಡಿ ಹೊಕ್ಕು ಸಮಯವೂ ನೆಮ್ಮದಿಯೂ ಹಾಳಾಗುತ್ತವೆ. 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳು ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತವೆ ಎಂಬುದನ್ನೂ ಚಾಲಕರಿಗೆ ತಿಳಿಸಿರಬೇಕು.

ಇನ್ನು ತಾರೀಖಿನ ವಿಚಾರ. ಯೂರೋಪು ಮತ್ತು ಕೊಲ್ಲಿ ದೇಶಗಳ ಕಡೆಗಿನ ಅನೇಕ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಟಿಕೆಟ್ಟಿನಲ್ಲಿ 15ನೆಯ ತಾರೀಖು 1.30 ಎಂದಿದ್ದರೆ, ಮನೆಯನ್ನು ಬಿಡಬೇಕಾದದ್ದು 14ರ ಸಂಜೆ. ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕೆಂಬ ಲೆಕ್ಕ ಹಿಡಿದರೆ 14ರ ರಾತ್ರಿ ಹತ್ತೂವರೆಗೆ ಅಲ್ಲಿರಬೇಕು. ಬಾಡಿಗೆ ಕಾರನ್ನು 15ಕ್ಕೆ ಗೊತ್ತುಮಾಡಿಟ್ಟು, ವಿಮಾನ ಹಾರಿಹೋದ ಮೇಲೆ ಮನೆಯಿಂದ ಹೊರಟವರಿಗೆ ಯಾವ ಕಂಪನಿಯೂ ಹಣವನ್ನು ಹಿಂದಿರುಗಿಸುವುದಿಲ್ಲ. ಮನೆಯಲ್ಲಿ ನೇತುಹಾಕಿರುವ ಕ್ಯಾಲೆಂಡರಿನಲ್ಲಿ 14ನ್ನೇ ಗುರುತುಮಾಡಬೇಕು.

ಬೀಳ್ಕೊಡಲು ಮೂರು ಕಾರುಗಳಲ್ಲಿ ನೆಂಟರಿಷ್ಟರೆಲ್ಲ ಬರುವುದು ನಮ್ಮ ಕಡೆಯ ಅಕ್ಕರೆಯ ಪದ್ಧತಿ. ಟಿಕೆಟ್ಟಿಲ್ಲದವರನ್ನು ಕಾವಲಿನವರು ಬಾಗಿಲಿನಲ್ಲೇ ನಿಲ್ಲಿಸುತ್ತಾರಾದ್ದರಿಂದ, ಹರಸುವುದನ್ನೂ ಕಣ್ಣೀರಿಡುವುದನ್ನೂ ಮನೆಯಲ್ಲೇ ಮುಗಿಸಿ, ಚುರುಕಾದ ಒಬ್ಬರು ಮಾತ್ರ ಜೊತೆಗೆ ಬರುವುದೇ ಸರಿ. ಆ ಒಬ್ಬರು ತಳ್ಳುಗಾಡಿಗೆ ಸಾಮಾನೇರಿಸಿ, ತಾಯಿಯವರು ಒಳಗೆ ಹೋಗಿ ವಿಮಾನ ಕಂಪನಿಯ ಕೌಂಟರು ದಾಟಿದ ಸುದ್ದಿ ಬರುವವರೆಗೆ ಹೊರಗೆ ಕಾದಿದ್ದು ಹಿಂದಿರುಗಬೇಕು.

ಕೊರಳಿನ ಇಷ್ಟಲಿಂಗದ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಬೆಳ್ಳಿಯ ಕರಡಿಗೆಯಿದ್ದರೆ ಲೋಹಶೋಧಕ ಯಂತ್ರ ಸದ್ದು ಮಾಡಬಹುದು. ಅದು ಧಾರ್ಮಿಕ ವಸ್ತುವೆಂದು ಶಾಂತವಾಗಿ ತಿಳಿಸಿ, ಬೇಕಿದ್ದರೆ ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಮಾಡಿರೆಂದು ಕೇಳಬಹುದು. ಅಮೆರಿಕದಲ್ಲಿ ಹಾಗೆ ಕೇಳುವ ಅವಕಾಶ ಪ್ರತಿಯೊಬ್ಬ ಪ್ರಯಾಣಿಕನಿಗೂ ಇದೆ. ವಿಮಾನ ಬದಲಿಸುವ ಊರಿನಲ್ಲಿ ಈ ತಪಾಸಣೆ ಮತ್ತೊಮ್ಮೆ ಆಗುತ್ತದೆಂಬುದನ್ನೂ ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಕೈಯಲ್ಲೊಂದು ಕಾಗದ

ಎಲ್ಲವೂ ಮೊಬೈಲಿನಲ್ಲಿದೆ ಎಂದು ಮಕ್ಕಳು ಹೇಳುತ್ತಾರೆ. ಇಪ್ಪತ್ತು ಗಂಟೆಯ ಪ್ರಯಾಣದ ನಂತರ ಆ ಮೊಬೈಲಿನಲ್ಲಿ ಚಾರ್ಜು ಉಳಿದಿರುವುದಿಲ್ಲ, ಅಥವಾ ಅಲ್ಲಿನ ಜಾಲ ಸಿಗುವುದಿಲ್ಲ. ನಿಲ್ದಾಣದ ಉಚಿತ ವೈಫೈ ಕೆಲವು ಕಡೆ ಮೊಬೈಲಿಗೆ ಗುಪ್ತ ಅಂಕಿಯನ್ನು ಕಳುಹಿಸಿ ಕೇಳುತ್ತದೆ. ರೋಮಿಂಗ್ ಸೌಲಭ್ಯವಿಲ್ಲದಿದ್ದರೆ ಆ ಅಂಕಿಯೇ ಬಂದು ತಲುಪುವುದಿಲ್ಲ. ಆದ್ದರಿಂದ ಹೊರಡುವ ಮುನ್ನ ಭಾರತದ ಸಿಮ್ಮಿಗೇ ಅಂತಾರಾಷ್ಟ್ರೀಯ ರೋಮಿಂಗ್ ಹಾಕಿಸಬೇಕು. ಅದಕ್ಕಿಂತ ಮುಖ್ಯವಾಗಿ, ಒಂದು ಕಾಗದವನ್ನು ಬರೆದು ಪಾಸ್‌ಪೋರ್ಟಿನ ಜೊತೆಗಿಟ್ಟುಕೊಳ್ಳಬೇಕು. ಈ ಲೇಖನದಲ್ಲಿ ಉಳಿದದ್ದೆಲ್ಲ ಮರೆತರೂ ಚಿಂತೆಯಿಲ್ಲ, ಈ ಕಾಗದವೊಂದನ್ನು ಮರೆಯಬಾರದೆಂದು ನಮ್ಮ ಕೋರಿಕೆ.

ಕಾಗದದ ಒಂದು ಬದಿ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಚಾಲಕನಿಗಾಗಿ: ಮಗಳು–ಅಳಿಯನ ಹೆಸರು, ಮನೆಯ ಸಂಖ್ಯೆ, ಬೀದಿ, ಊರು, ಅಂಚೆ ಸಂಕೇತ, ದೇಶದ ಸಂಕೇತ ಸಹಿತವಾದ ಎರಡು ದೂರವಾಣಿ ಸಂಖ್ಯೆಗಳು. ಅಂಚೆ ಸಂಕೇತವನ್ನು ಬಿಡಬಾರದು. ಇಂಗ್ಲೆಂಡಿನಲ್ಲಿ ಒಂದು ಸಂಕೇತವೆಂದರೆ ಒಂದು ಬೀದಿಯ ಕೆಲವೇ ಮನೆಗಳು, ಅದೊಂದಿದ್ದರೆ ಚಾಲಕ ಬಾಗಿಲಿಗೇ ತಂದು ನಿಲ್ಲಿಸುತ್ತಾನೆ. ಎರಡನೆಯ ದೂರವಾಣಿ ಸಂಖ್ಯೆ ಮಗಳದೋ ಅಳಿಯನದೋ ಆಗಿರದೆ, ಅದೇ ಊರಿನ ಇನ್ನೊಂದು ಕನ್ನಡ ಕುಟುಂಬದ್ದಾಗಿರಲಿ. ಇಂದು ದೊಡ್ಡ ಊರುಗಳಲ್ಲೆಲ್ಲ ಕನ್ನಡ ಕೂಟಗಳಿವೆ. ಅಮೆರಿಕ–ಕೆನಡಾಗಳಲ್ಲಿ ಉತ್ತರ ಅಮೆರಿಕದ ವೀರಶೈವ ಸಮಾಜವಿದೆ. ಅಂತಹ ಒಂದು ಮನೆಯವರ ಒಪ್ಪಿಗೆ ಪಡೆದು ಸಂಖ್ಯೆಯನ್ನು ಬರೆದಿಟ್ಟರೆ, ಆಸ್ಪತ್ರೆಯಲ್ಲಿರುವ ಮಗಳ ಮೊಬೈಲು ಉತ್ತರಿಸದಿದ್ದಾಗ ತಾಯಿಗೆ ಕನ್ನಡದ ದನಿಯೊಂದು ಕೇಳಿಬರುತ್ತದೆ.

ಕಾಗದದ ಮತ್ತೊಂದು ಬದಿ ಕನ್ನಡದಲ್ಲಿ, ತಾಯಿಗಾಗಿ: ಇಳಿಯುವ ನಿಲ್ದಾಣದ ಹೆಸರು, ಟರ್ಮಿನಲ್ ಸಂಖ್ಯೆ, ಕರೆಯಲು ಬರುವವರು ನಿಲ್ಲುವ ಜಾಗ, ಬಾರದಿದ್ದರೆ ಮಾಡಬೇಕಾದದ್ದು. ಒಂದೇ ನಗರಕ್ಕೆ ಹಲವು ನಿಲ್ದಾಣಗಳಿರುವುದನ್ನು ನಮ್ಮವರು ಗಮನಿಸುವುದಿಲ್ಲ. ಲಂಡನ್ನಿಗೆ ಹೀಥ್ರೂ ಪಡುವಣಕ್ಕೆ, ಗ್ಯಾಟ್ವಿಕ್ ತೆಂಕಣಕ್ಕೆ. ನ್ಯೂಯಾರ್ಕಿನ ಟಿಕೆಟ್ಟು ಜೆ.ಎಫ್. ಕೆನೆಡಿ ನಿಲ್ದಾಣಕ್ಕಿರಬಹುದು, ನದಿಯಾಚೆಯ ನೆವಾರ್ಕಿಗಿರಬಹುದು. ಮಗಳ ಮನೆ ನ್ಯೂಜೆರ್ಸಿಯಲ್ಲಿದ್ದರೆ ನೆವಾರ್ಕೇ ಹತ್ತಿರ. ಟಿಕೆಟ್ಟಿನಲ್ಲಿ ನಾಲ್ಕಾರು ಸಾವಿರ ರೂಪಾಯಿ ಉಳಿಸಲು ದೂರದ ನಿಲ್ದಾಣಕ್ಕೆ ಇಳಿಸಿ, ಟ್ಯಾಕ್ಸಿಗೆ ಅದರ ಎರಡು ಪಟ್ಟು ತೆರುವುದು ಜಾಣತನವಲ್ಲ.

ಯಾರೂ ಕಾಣದಿದ್ದರೆ ಮಾಡಬೇಕಾದದ್ದು ಇಷ್ಟೇ: ಹೊರಗೆ ಬರಬಾರದು. ಆಗಮನದ ಸಭಾಂಗಣದಲ್ಲೇ ಕುಳಿತಿರಬೇಕು. ಹುಡುಕುತ್ತ ಒಂದು ಬಾಗಿಲಿನಿಂದ ತಾಯಿ, ಇನ್ನೊಂದು ಬಾಗಿಲಿನಿಂದ ಅಳಿಯ ಹೊರಟರೆ ಇಬ್ಬರೂ ಒಬ್ಬರಿಗೊಬ್ಬರು ಸಿಗುವುದಿಲ್ಲ. ಒಂದು ಗಂಟೆ ಕಾದ ಮೇಲೂ ಬಾರದಿದ್ದರೆ, ಇಂಗ್ಲಿಷಿನ 'ಐ' ಅಕ್ಷರದ ಫಲಕವಿರುವ ವಿಚಾರಣೆಯ ಕಟ್ಟೆಗೆ ಹೋಗಿ ಆ ಕಾಗದವನ್ನು ತೋರಿಸಿದರೆ ಸಾಕು. ಮಾತನಾಡಬೇಕಾದ ಅಗತ್ಯವೂ ಇಲ್ಲ.

ನಡೆಯಲು ಕಷ್ಟವಿರುವ ಹಿರಿಯರು ಟಿಕೆಟ್ಟು ಕೊಳ್ಳುವಾಗಲೇ ಗಾಲಿಕುರ್ಚಿಯ ಸೇವೆಯನ್ನು ಕೇಳಿ ದಾಖಲಿಸಿಕೊಳ್ಳಬೇಕು. ಅಮೆರಿಕದಲ್ಲೂ ಯೂರೋಪಿನಲ್ಲೂ ಇದಕ್ಕೆ ಶುಲ್ಕ ಪಡೆಯುವಂತಿಲ್ಲವೆಂದು ಕಾನೂನಿದೆ. ಸಹಾಯಕನು ವಲಸೆ ತಪಾಸಣೆ, ಸಾಮಾನಿನ ಪಟ್ಟಿ, ಸುಂಕದ ತಪಾಸಣೆಗಳನ್ನೆಲ್ಲ ದಾಟಿಸಿ ಹೊರಗೆ ಕರೆತರುತ್ತಾನೆ. ಕೇವಲ ಭಾಷೆ ಬಾರದೆಂಬ ಕಾರಣಕ್ಕೆ ಗಟ್ಟಿಮುಟ್ಟಾದವರೂ ಕುರ್ಚಿಯನ್ನು ಕೇಳುವ ರೂಢಿ ಬೆಳೆದಿದೆ. ನಿಜವಾಗಿ ಕಾಲು ಬಾರದವರು ಅದರಿಂದ ಕಾಯಬೇಕಾಗುವುದನ್ನು ನಾವು ಮೆಚ್ಚಲಾರೆವು. ಅಂತಹವರಿಗೆ ಜೊತೆಗಿದ್ದು ದಾರಿ ತೋರಿಸುವ ಸೇವೆಯುಂಟೇ ಎಂದು ವಿಮಾನ ಕಂಪನಿಯನ್ನು ಕೇಳಬಹುದು.

ಹಳದಿ ಬೋರ್ಡಿನ ನ್ಯಾಯ

ನಮ್ಮಲ್ಲಿ ಹಳದಿ ಬೋರ್ಡಿನ ಗಾಡಿಗೆ ಬಾಡಿಗೆಯ ಪರವಾನಗಿ ಇರುತ್ತದೆ, ಬಿಳಿ ಬೋರ್ಡಿನದಕ್ಕೆ ಇರುವುದಿಲ್ಲ. ಪರದೇಶದಲ್ಲಿಯೂ ನ್ಯಾಯ ಇದೇ. ಗುರುತು ಮಾತ್ರ ಬೇರೆ. ಯಾವ ನಗರವೇ ಆಗಲಿ, ನಿಲ್ದಾಣದ ಒಳಗೆ ತಾನಾಗಿಯೇ ಹತ್ತಿರ ಬಂದು 'ಟ್ಯಾಕ್ಸಿ ಬೇಕೆ?' ಎಂದು ಕೇಳುವವನ ಹಿಂದೆ ಹೋಗಲೇಬಾರದು. ನಮ್ಮ ಭಾಷೆಯನ್ನೋ ಹಿಂದಿಯನ್ನೋ ಆಡಿ 'ಅಮ್ಮಾ' ಎಂದು ಕರೆದರೂ ಹೋಗಬಾರದು. ಪರವಾನಗಿಯುಳ್ಳ ಗಾಡಿಗಳು ಸರತಿಯ ಸಾಲಿನಲ್ಲಿ ನಿಂತಿರುತ್ತವೆ. ಗಿರಾಕಿಯನ್ನು ಹುಡುಕಿಕೊಂಡು ಒಳಗೆ ಬರುವುದಿಲ್ಲ.

ಲಂಡನ್ನಿನಲ್ಲಿ ಎರಡು ಬಗೆ. ಒಂದು, ಕರಿ ಟ್ಯಾಕ್ಸಿ. ಮೇಲೆ 'ಟ್ಯಾಕ್ಸಿ' ಎಂಬ ದೀಪ ಉರಿಯುತ್ತಿದ್ದರೆ ಕೈತೋರಿಸಿ ನಿಲ್ಲಿಸಬಹುದು. ಮೀಟರಿನಂತೆ ಬಾಡಿಗೆ. ಇದರ ಚಾಲಕರು ಪರವಾನಗಿ ಪಡೆಯುವ ಮೊದಲು 'ನಾಲೆಡ್ಜ್' ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 1865ರಿಂದ ನಡೆದುಬಂದಿರುವ ಈ ಪರೀಕ್ಷೆಗೆ ನಗರದ ನಡುವಿನ ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿ ತ್ರಿಜ್ಯದೊಳಗಿನ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು; ಮೂರು–ನಾಲ್ಕು ವರ್ಷಗಳ ಅಭ್ಯಾಸ ಬೇಕಾಗುತ್ತದೆ. ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ವಿಶ್ವಗುರು ಬಸವಣ್ಣನವರ ಪ್ರತಿಮೆಯ ದರ್ಶನಕ್ಕೆ ಹೋಗಬಯಸುವ ನಮ್ಮ ಬಂಧುಗಳು 'ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್, ಲ್ಯಾಂಬೆತ್ ಸೇತುವೆಯ ಹತ್ತಿರ' ಎಂದಷ್ಟೇ ಹೇಳಿದರೆ ಆತನಿಗೆ ಸಾಕು. ಖರ್ಚು ಕಡಿಮೆ ಮಾಡಬೇಕೆನ್ನುವವರು ವಾಕ್ಸ್‌ಹಾಲ್ ರೈಲು ನಿಲ್ದಾಣದಲ್ಲಿಳಿದು ನದಿಯ ಬದಿಯಲ್ಲೇ ನಡೆದು ಹೋಗಬಹುದು.

ಎರಡನೆಯದು ಮಿನಿಕ್ಯಾಬ್, ಯೂಬರ್ ಸಹ ಇದೇ ವರ್ಗಕ್ಕೆ ಸೇರಿದುದು. ಇದನ್ನು ಮುಂಗಡವಾಗಿ ಗೊತ್ತುಮಾಡಿಯೇ ಹತ್ತಬೇಕು. ಬೀದಿಯಲ್ಲಿ ಕೈತೋರಿಸಿ ಹತ್ತಿದರೆ ಅದು ಕಾನೂನುಬಾಹಿರ. ಅಪಘಾತವಾದರೆ ವಿಮೆಯೂ ದೊರೆಯದು. ಹೀಥ್ರೂವಿನಿಂದ ನಗರಕ್ಕೆ 2022ರಲ್ಲಿ ಆರಂಭವಾದ ಎಲಿಜಬೆತ್ ಮಾರ್ಗದ ರೈಲು ಬಹಳ ಅಗ್ಗ. ಆದರೆ ಎರಡು ದೊಡ್ಡ ಪೆಟ್ಟಿಗೆಗಳೊಡನೆ ಒಬ್ಬರೇ ಬರುವ ಹಿರಿಯರಿಗೆ ರೈಲನ್ನು ನಾವು ಹೇಳುವುದಿಲ್ಲ. ಅಲ್ಲಿ ಹಣವನ್ನು ಉಳಿಸಹೋಗಿ ಸೊಂಟವನ್ನು ಕಳೆದುಕೊಳ್ಳಬಾರದು.

ಅಮೆರಿಕದ ಲೆಕ್ಕವೇ ಬೇರೆ. ನ್ಯೂಯಾರ್ಕಿನ ಕೆನೆಡಿ ನಿಲ್ದಾಣದಿಂದ ಮ್ಯಾನ್‌ಹ್ಯಾಟನ್ ಪ್ರದೇಶಕ್ಕೆ ಹಳದಿ ಟ್ಯಾಕ್ಸಿಯ ಬಾಡಿಗೆ ನಿಗದಿಯಾಗಿದೆ. 52 ಡಾಲರ್ ಇದ್ದದ್ದು 2022ರ ಡಿಸೆಂಬರ್‌ನಲ್ಲಿ 70 ಡಾಲರ್ ಆಯಿತು. ಸುಂಕ, ಮೇಲ್ತೆರಿಗೆ, ಭಕ್ಷೀಸುಗಳು ಇದರ ಮೇಲೆ. ನಮ್ಮವರು ಹೆಚ್ಚಾಗಿ ಹೋಗುವುದು ನ್ಯೂಜೆರ್ಸಿಗೆ; ಅಲ್ಲಿನ ಊರುಗಳಿಗೆ ಈ ನಿಗದಿ ಅನ್ವಯಿಸುವುದಿಲ್ಲ. ಗಾಡಿ ಹತ್ತುವ ಮೊದಲೇ ಚಾಲಕನೊಡನೆ ಮೊತ್ತವನ್ನು ಮಾತನಾಡಿಕೊಳ್ಳಬೇಕು. ಹಿಂದಿರುಗುವ ಸುಂಕವನ್ನೂ ಪ್ರಯಾಣಿಕರೇ ಕೊಡಬೇಕಾಗುತ್ತದೆ. ಆದ್ದರಿಂದ ಮಕ್ಕಳೇ ತಮ್ಮ ಮೊಬೈಲಿನಿಂದ ಯೂಬರ್ ಅಥವಾ ಲಿಫ್ಟ್ ಗೊತ್ತುಮಾಡುವುದು ಉತ್ತಮ. ಆ ಗಾಡಿಗಳು ನಿಲ್ಲುವ ಜಾಗ ಟ್ಯಾಕ್ಸಿಯ ಸಾಲಿನಿಂದ ಬೇರೆಯಾಗಿರುತ್ತದೆ. ಲಾಸ್ ಏಂಜಲೀಸ್‌ನಲ್ಲಿ 2019ರಿಂದ ಟ್ಯಾಕ್ಸಿ, ಯೂಬರ್ ಎರಡಕ್ಕೂ ಟರ್ಮಿನಲ್ಲಿನ ಹೊರಗೆ ಪ್ರತ್ಯೇಕ ಮೈದಾನವನ್ನೇ ಮಾಡಲಾಯಿತು. ಅಲ್ಲಿಗೆ ನಿಲ್ದಾಣದ ಬಸ್ಸಿನಲ್ಲಿ ಹೋಗಬೇಕು.

ಅಮೆರಿಕದಲ್ಲಿ ತಾರೀಖನ್ನು ಬರೆಯುವಾಗ ತಿಂಗಳು ಮೊದಲು, ದಿನ ಆಮೇಲೆ. 5/6 ಎಂದರೆ ಅಲ್ಲಿ ಮೇ 6, ನಮ್ಮ ಜೂನ್ 5 ಅಲ್ಲ. ಗಾಡಿಯನ್ನು ಗೊತ್ತುಮಾಡುವಾಗ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಬೇಕು.

ದುಬೈ ನಮ್ಮವರಿಗೆ ಸುಲಭ. ಹಿಂದಿ–ಉರ್ದು ತಿಳಿದ ಚಾಲಕರು ಅಲ್ಲಿ ಹೇರಳ. ಮಹಿಳೆಯರಿಗಾಗಿ ಮಹಿಳೆಯರೇ ನಡೆಸುವ ಗುಲಾಬಿ ಛಾವಣಿಯ ಟ್ಯಾಕ್ಸಿಗಳಿವೆ. ಸಿಂಗಪುರದಲ್ಲಿ ಮೀಟರಿಗೆ ಮೋಸವಿಲ್ಲ, ಆದರೆ ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಅರ್ಧಪಟ್ಟು ಹೆಚ್ಚು. 2018ರಿಂದ ಅಲ್ಲಿ ಯೂಬರ್ ಇಲ್ಲ, ಅದರ ಬದಲು ಗ್ರ್ಯಾಬ್ ಇದೆ. ಪ್ಯಾರಿಸ್‌ನ ದೊಡ್ಡ ನಿಲ್ದಾಣದಿಂದ ನಗರಕ್ಕೆ ನಿಗದಿತ ಬಾಡಿಗೆಯಿದ್ದು, 2024ರಲ್ಲಿ ನದಿಯ ಬಲದಂಡೆಗೆ 56 ಯೂರೋ, ಎಡದಂಡೆಗೆ 65 ಯೂರೋ ಇತ್ತು. ಜಪಾನಿನಲ್ಲಿ ಟ್ಯಾಕ್ಸಿಯ ಹಿಂಬಾಗಿಲನ್ನು ಚಾಲಕನೇ ಒಳಗಿನಿಂದ ತೆರೆದು ಮುಚ್ಚುತ್ತಾನೆ. ನಾವು ಕೈಹಾಕಬಾರದು, ಭಕ್ಷೀಸನ್ನೂ ಕೊಡಬಾರದು.

ಹತ್ತುವಾಗ, ಇಳಿಯುವಾಗ

ಮಕ್ಕಳು ಕಳುಹಿಸಿದ ಗಾಡಿಯೇ ಇದೆಂದು ತಿಳಿಯುವುದು ಹೇಗೆ? ಗಾಡಿಯ ಸಂಖ್ಯೆಯನ್ನು ತಾಳೆನೋಡಬೇಕು. ಆಮೇಲೆ ನಮ್ಮ ಹೆಸರನ್ನು ನಾವು ಹೇಳದೆ, 'ಯಾರಿಗಾಗಿ ಬಂದಿದ್ದೀರಿ?' ಎಂದು ಆತನನ್ನೇ ಕೇಳಬೇಕು. 'ಇಂಥವರಿಗಾಗಿ ಬಂದವರು ನೀವೇನಾ?' ಎಂದರೆ ಯಾರಾದರೂ ಹೌದೆನ್ನಬಲ್ಲರು. ಇದಕ್ಕೆ ಬೇಕಾದ ಎರಡು ಇಂಗ್ಲಿಷ್ ಪದಗಳನ್ನು, 'ಫಾರ್ ಹೂಮ್?' ಎಂಬುದನ್ನು, ತಾಯಂದಿರಿಗೆ ಮನೆಯಲ್ಲೇ ಅಭ್ಯಾಸ ಮಾಡಿಸಬಹುದು.

ಅಮೆರಿಕಕ್ಕೆ ಸಾಮಾನ್ಯವಾಗಿ ಒಬ್ಬರಿಗೆ 23 ಕಿಲೋ ತೂಕದ ಎರಡು ಪೆಟ್ಟಿಗೆಗಳಿಗೆ ಅವಕಾಶವಿರುತ್ತದೆ. ದಂಪತಿಗಳಾದರೆ ನಾಲ್ಕು. ಸಾಧಾರಣ ಕಾರಿನ ಡಿಕ್ಕಿಯಲ್ಲಿ ಇವು ಹಿಡಿಯುವುದಿಲ್ಲ. ದೊಡ್ಡ ಗಾಡಿಯನ್ನೇ ಕೇಳಬೇಕು. ಕಾರನ್ನು ವಿಮಾನವಿಳಿಯುವ ಹೊತ್ತಿಗೇ ಬರಹೇಳುವುದೂ ಸರಿಯಲ್ಲ. ವಲಸೆ ತಪಾಸಣೆಯ ಸಾಲು ಉದ್ದವಿರುತ್ತದೆ. ಆಸ್ಟ್ರೇಲಿಯಾದಂತಹ ದೇಶದಲ್ಲಿ ಚಟ್ನಿಪುಡಿ, ತುಪ್ಪ, ಉಪ್ಪಿನಕಾಯಿಗಳನ್ನೆಲ್ಲ ಘೋಷಿಸಿ ತೋರಿಸಬೇಕಾಗುತ್ತದೆ. ವಿಮಾನವಿಳಿದ ಒಂದು–ಒಂದೂವರೆ ಗಂಟೆಯ ನಂತರ ಗಾಡಿ ಬಂದರೆ ಕಾಯುವ ದಂಡ ತಪ್ಪುತ್ತದೆ.

ಹಣದ ವಿಚಾರ. ನಮ್ಮ ಯು.ಪಿ.ಐ. ಅನ್ನು ಪರದೇಶದ ಟ್ಯಾಕ್ಸಿಯಲ್ಲಿ ನೆಚ್ಚಿಕೊಳ್ಳಬಾರದು. 2020ರ ಮಾರ್ಚಿನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ನಮ್ಮ ಬ್ಯಾಂಕುಗಳು ಕೊಡುವ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುತ್ತವೆ. ಹೊರದೇಶದಲ್ಲಿ ನಡೆಯುವಂತೆ ಮಾಡಲು ನಾವೇ ಬ್ಯಾಂಕಿಗೆ ತಿಳಿಸಬೇಕು. ಇದರ ಜೊತೆಗೆ ಆ ದೇಶದ ಸಣ್ಣ ನೋಟುಗಳು ಒಂದಿಷ್ಟು ಕೈಯಲ್ಲಿರಲಿ. ಅಮೆರಿಕದಲ್ಲಿ ಟ್ಯಾಕ್ಸಿಯವನಿಗೆ ಬಾಡಿಗೆಯ ನೂರಕ್ಕೆ 15ರಿಂದ 20ರಷ್ಟು ಭಕ್ಷೀಸು ಕೊಡುವುದು ಪದ್ಧತಿ. ಅದು ದುಂದುವೆಚ್ಚವೆಂದು ನಮ್ಮ ಹಿರಿಯರಿಗೆ ತೋರಬಹುದು. ಆದರೆ ಅಲ್ಲಿ ಅದು ದುಡಿಮೆಗಾರನ ಸಂಪಾದನೆಯ ಭಾಗ.

ಹಿಂದಿನ ಆಸನದಲ್ಲಿಯೂ ಪಟ್ಟಿಯನ್ನು ಬಿಗಿದುಕೊಳ್ಳಬೇಕು. ಇಳಿಯುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಇಂಗ್ಲೆಂಡ್, ಆಸ್ಟ್ರೇಲಿಯಾ, ಸಿಂಗಪುರ, ಜಪಾನ್‌ಗಳಲ್ಲಿ ವಾಹನಗಳು ನಮ್ಮಂತೆ ಎಡಬದಿಯಲ್ಲಿ ಚಲಿಸುತ್ತವೆ. ಅಮೆರಿಕ, ಕೆನಡಾ, ಕೊಲ್ಲಿ ದೇಶಗಳು, ಯೂರೋಪಿನ ಬಹುಭಾಗದಲ್ಲಿ ಬಲಬದಿಯಲ್ಲಿ. ಅಲ್ಲಿ ಕಾಲುದಾರಿ ಬಲಕ್ಕಿರುತ್ತದೆ. ಜೀವಮಾನವಿಡೀ ಎಡಬಾಗಿಲಿನಿಂದ ಇಳಿದು ರೂಢಿಯಾದ ನಮ್ಮವರು ಅಲ್ಲಿಯೂ ಎಡಬಾಗಿಲನ್ನು ತೆರೆದರೆ, ಹಿಂದಿನಿಂದ ಧಾವಿಸಿ ಬರುವ ವಾಹನಗಳ ದಾರಿಗೇ ಕಾಲಿಟ್ಟಂತಾಗುತ್ತದೆ. ಈ ದೇಶಗಳಲ್ಲಿ ಬಲಬಾಗಿಲಿನಿಂದಲೇ ಇಳಿಯಬೇಕೆಂದು ಕಾಗದದ ಕನ್ನಡದ ಬದಿಯಲ್ಲಿ ಕೆಂಪು ಶಾಯಿಯಿಂದ ಬರೆದುಕೊಡಬೇಕು.

ಹಿಂದಿರುಗುವಾಗ ಮಕ್ಕಳೇ ನಿಲ್ದಾಣಕ್ಕೆ ಬಿಡುವುದರಿಂದ ಚಿಂತೆ ಕಡಿಮೆ. ಆದರೂ ಹೀಥ್ರೂವಿನ ಬಾಗಿಲಿನಲ್ಲಿ ಇಳಿಸಿ ಹೋಗುವ ಪ್ರತಿ ಕಾರಿಗೂ 2021ರ ನವೆಂಬರ್‌ನಿಂದ ಶುಲ್ಕವಿದೆ; ಅಲ್ಲಿ ಹಣ ಪಡೆಯುವ ಗೂಡಿಲ್ಲ, ಕ್ಯಾಮೆರಾ ಗಾಡಿಯ ಸಂಖ್ಯೆಯನ್ನು ಬರೆದುಕೊಳ್ಳುತ್ತದೆ, ಮರುದಿನ ನಡುರಾತ್ರಿಯೊಳಗೆ ಕಟ್ಟದಿದ್ದರೆ ದಂಡ ಬೀಳುತ್ತದೆ. ಹೊಸದಾಗಿ ಹೋಗಿ ನೆಲೆಸಿದ ಮಕ್ಕಳಿಗೆ ತಾಯಿಯೇ ಇದನ್ನು ನೆನಪಿಸಬಹುದು. ಬೆಂಗಳೂರಿನಲ್ಲಿ ಅಪರಾತ್ರಿ ಇಳಿದವರು ಊರಿನಿಂದ ಕರೆಸಿಕೊಂಡ ಪರಿಚಿತ ಚಾಲಕರ ಗಾಡಿಯಲ್ಲೇ ಹೊರಡುವುದು ಕ್ಷೇಮ. ಆತನೂ ಸಂಜೆಯಿಂದ ನಿದ್ದೆಗೆಟ್ಟಿರುವುದರಿಂದ ದೊಡ್ಡಬಳ್ಳಾಪುರದಲ್ಲೊಮ್ಮೆ ನಿಲ್ಲಿಸಿ ಚಹಾ ಕುಡಿಸಬೇಕು. ಹಗಲು ಹೊತ್ತು ಇಳಿದವರಿಗೆ, ಸಾಮಾನು ಹಗುರವಾಗಿದ್ದರೆ, ವಾಯುವಜ್ರ ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೆ ಬಂದು ಅಲ್ಲಿಂದ ತುಮಕೂರಿನ ಬಸ್ಸು ಹಿಡಿಯುವ ದಾರಿ ಇದ್ದೇ ಇದೆ.